ಎಲ್ಲರೂ ಕೂತ ಮೇಲೆ ಬಿಗಿಯುವುದು

ವೇದವಲ್ಲಿ ಕಾರು ಹತ್ತುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು.

ಆ ವರ್ಷದ ಫೆಬ್ರವರಿಯಲ್ಲಿ, ಮೂರು ತಿಂಗಳ ಮಟ್ಟಿಗೆಂದು, ನಾವಿಬ್ಬರೂ ಮೈಸೂರಿನಿಂದ ಜಪಾನಿನ ತ್ಸುಕುಬಾದಲ್ಲಿರುವ ಮಗಳ ಮನೆಗೆ ಬಂದಿದ್ದೆವು. ಮಾರ್ಚಿನಲ್ಲಿ ಕೊರೊನಾ ಬಂದು ವಿಮಾನಗಳು ನಿಂತವು. ವೀಸಾದ ಗಡುವು ಮುಂದಕ್ಕೆ ಹೋಯಿತು, ತಂದ ಕಾಫಿಪುಡಿ ಮುಗಿಯಿತು, ನಮ್ಮ ರಕ್ತದೊತ್ತಡದ ಮಾತ್ರೆಗಳ ಹೆಸರು ಜಪಾನಿ ಲಿಪಿಗೆ ತಿರುಗಿತು. ಜುಲೈನಲ್ಲಿ ನನ್ನ ಹೆಂಡತಿ ವೇದವಲ್ಲಿ ಬಚ್ಚಲಿನಲ್ಲಿ ಜಾರಿ ಕುಳಿತಳು. ಬೆನ್ನೆಲುಬಿನ ಕೆಳಭಾಗದ ಒಂದು ಮೂಳೆ ಬಿರಿಯಿತು. ಮೂಳೆಯೇನೋ ನಿಧಾನವಾಗಿ ಕೂಡಿಕೊಂಡಿತು. ಆದರೆ ಆಸ್ಪತ್ರೆಗೆ ಹೋಗಿಬರುವ ಒಂದೊಂದು ಪ್ರಯಾಣವೂ ಅವಳಿಗೆ ಶಿಕ್ಷೆಯಾಗಿತ್ತು. ರಸ್ತೆಯಂಚಿನ ಯಾವುದಾದರೂ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಎಡಗಾಲಿ ಇಳಿದರೆ ಸಾಕು, ಕಾರಿನ ಹೊಟ್ಟೆಯೊಳಗಿಂದ ‘ದಡ್’ ಎಂಬ ಸದ್ದೆದ್ದು ಸೀಟಿನ ಮೂಲಕ ನೇರ ಅವಳ ಬೆನ್ನಿಗೆ ಹೋಗುತ್ತಿತ್ತು.

ಅಕ್ಟೋಬರಿನಲ್ಲಿ ಡಾಕ್ಟರು, ಮೂಳೆ ಪೂರ್ತಿ ಕೂಡಿದೆ, ಇನ್ನು ಹೊರಗೆ ಓಡಾಡಲಿ ಎಂದರು. ಅದೇ ಸಂಜೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅವಳು ತೀರ್ಪು ಕೊಟ್ಟಳು.

“ಸರಿಹೋಯ್ತು ಅಂದ್ರಲ್ಲ ಡಾಕ್ಟ್ರು. ಇನ್ನು ನಾನು ಆ ಕಾರು ಹತ್ತೋಲ್ಲ.”

ಹತ್ತಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯೇ ಅವಳ ಲೋಕವಾಯಿತು. ಅಲ್ಲಿಂದ ತ್ಸುಕುಬಾ ಬೆಟ್ಟದ ಎರಡು ನೆತ್ತಿಗಳು ಕಾಣುತ್ತಿದ್ದವು. ಮೋಡವಿದ್ದರೆ ಒಂದು, ಕೆಲವೊಮ್ಮೆ ಅದೂ ಇಲ್ಲ. ನವೆಂಬರಿನ ಒಂದು ಮಧ್ಯಾಹ್ನ ಹುರುಳಿಕಾಯಿಯ ನಾರು ತೆಗೆಯುತ್ತ, ಯಾರಿಗೂ ಅಲ್ಲವೆಂಬಂತೆ ಅವಳು ಹೇಳಿದಳು: “ಸುತ್ತ ಸಮುದ್ರ ಇರೋ ದೇಶಕ್ಕೆ ಬಂದು ಒಂಬತ್ತು ತಿಂಗಳು. ಒಂದು ದಿನಾನೂ ಸಮುದ್ರ ನೋಡ್ಲಿಲ್ಲ ನಾನು.”

ಓಅರಾಯಿ ಎಂಬ ಕಡಲತೀರ ನಮ್ಮಿಂದ ಒಂದು ಗಂಟೆಯ ದಾರಿ. ಅವಳನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ನಾನು ಆ ಕ್ಷಣವೇ ನಿಶ್ಚಯಿಸಿದೆ. ಹೇಗೆಂಬುದು ತಿಳಿದಿರಲಿಲ್ಲ. ನನಗೆ ಸೈಕಲ್ಲು ಬಿಟ್ಟು ಬೇರೆ ವಾಹನ ನಡೆಸಲು ಬಾರದು.

ಅಳಿಯ ಮೋಹನ ಟೋಕಿಯೋದ ಕಂಪನಿಯೊಂದರ ಕೆಲಸವನ್ನು ಊಟದ ಮೇಜಿನಿಂದಲೇ ಮಾಡುತ್ತಿದ್ದ. ಮೀಟಿಂಗು ಮುಗಿಯುವವರೆಗೆ ಕಾದು ಕೇಳಿದೆ.

“ಮೋಹನ, ಕಾರಿನಲ್ಲಿ ಆ ಸದ್ದು ಬರುತ್ತಲ್ಲಪ್ಪ...”

“ಯಾವ ಸೌಂಡು ಮಾವ?”

“ದಡ್ ಅಂತ.”

“ಓ, ಅದಾ? ಹತ್ತು ವರ್ಷದ ಗಾಡಿ ಅಲ್ವಾ, ಸ್ವಲ್ಪ ಮಾತಾಡುತ್ತೆ. ನಾನು ಮ್ಯೂಸಿಕ್ ಹಾಕ್ಕೊಂಡ್ಬಿಡ್ತೀನಿ.”

“ನೀನು ಮ್ಯೂಸಿಕ್ ಹಾಕ್ಕೊಂಡ್ರೆ ನನ್ನ ಬೆನ್ನಿಗೆ ಕೇಳ್ಸಲ್ವೇನೋ?” ಒಳಗಿನಿಂದ ವೇದವಲ್ಲಿ ಕೂಗಿದಳು. ಮೋಹನ ನಾಲಿಗೆ ಕಚ್ಚಿಕೊಂಡ.

ಮರುದಿನ ಅವನು ಕಾರು ನಡೆಸಿದ, ಹಾಡಿಲ್ಲದೆ. ನಾನು ಹಿಂದಿನ ಎಡ ಸೀಟಿನಲ್ಲಿ, ನನ್ನ ಹೆಂಡತಿ ಕೂರುತ್ತಿದ್ದ ಜಾಗದಲ್ಲಿ, ಕಣ್ಣು ಮುಚ್ಚಿ ಕೂತೆ. ಮೈಸೂರಿನ ಒಂದು ಅಚ್ಚುಕೂಟದಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದವನು ನಾನು. ನನ್ನ ಮೇಜಿಗೆ ಹೆಚ್ಚಾಗಿ ಬರುತ್ತಿದ್ದುದು ಹೊಸ ಕವಿಗಳ ಸಂಕಲನಗಳು. ಛಂದಸ್ಸಿನಲ್ಲಿ ಬರೆದ ಪದ್ಯ ತಪ್ಪಿದರೆ ಬೆರಳೆಣಿಸಿ ಹಿಡಿಯಬಹುದು. ಛಂದಸ್ಸನ್ನು ಬಿಟ್ಟ ಪದ್ಯ ಎಲ್ಲಿ ಎಡವಿತೆಂಬುದನ್ನು ಗಟ್ಟಿಯಾಗಿ ಓದಿ, ಉಸಿರು ಸಿಕ್ಕಿಕೊಂಡ ಕಡೆ ಗುರುತು ಹಾಕಬೇಕು. ಕಾರಿನ ವಿಷಯದಲ್ಲಿ ನನಗೆ ಗೊತ್ತಿದ್ದುದು ಇಷ್ಟೇ.

ಗಾಲಿಯಲ್ಲೇ ದೋಷವಿದ್ದರೆ ಸದ್ದು ಗಾಲಿಯೊಡನೆ ಸುತ್ತಬೇಕಿತ್ತು. ವೇಗ ಹೆಚ್ಚಿದಂತೆ ತಾಳವೂ ಹೆಚ್ಚಬೇಕಿತ್ತು. ಹಾಗಾಗಲಿಲ್ಲ. ನುಣುಪಾದ ರಸ್ತೆಯಲ್ಲಿ ಕಾರು ಮೌನವಾಗಿತ್ತು. ರಸ್ತೆ ಏನಾದರೂ ಹೇಳಿದಾಗ ಮಾತ್ರ ಉತ್ತರ ಕೊಡುತ್ತಿತ್ತು. ಮತ್ತು ಉತ್ತರದ ಧ್ವನಿ ಒಂದಲ್ಲ. ಸಣ್ಣ ಏರುಪೇರಿಗೆ ‘ಟಕ್ ಟಕ್’ ಎಂಬ ಒಣ ಸದ್ದು. ದೊಡ್ಡ ಕುಳಿಗೆ ‘ದಡ್’. ಅದಾದ ಮೇಲೆ, ಸದ್ದಿಲ್ಲದೆಯೇ, ಕಾರಿನ ಮೈ ಮೂರು ಸಲ ತೂಗಿ ಆಮೇಲೆ ನಿಲ್ಲುವುದು. ಕೊಂಬಿನಿ ಎಂದು ಇಲ್ಲಿ ಕರೆಯುವ ಬೀದಿಬದಿಯ ದಿನಬಳಕೆ ಅಂಗಡಿಯ ಬಿಲ್ಲಿನ ಚೀಟಿ ಜೇಬಿನಲ್ಲಿತ್ತು, ಅದರ ಹಿಂದೆ ಇಷ್ಟನ್ನೂ ಬರೆದುಕೊಂಡೆ. ಎಲ್ಲವೂ ಎಡಭಾಗದ ಮುಂಗಾಲಿಯ ಕಡೆಯಿಂದ.

ಮೋಹನ ಆ ಚೀಟಿಯನ್ನು ಹಿಡಿದು ರಾತ್ರಿ ಊಟದವರೆಗೂ ವಿಡಿಯೋಗಳನ್ನು ನೋಡಿದ. ಆಮೇಲೆ ನನ್ನನ್ನು ಹೊರಗೆ ಕರೆದು, ಕಾರಿನ ಎಡ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಮೇಲೆದ್ದು ತಟ್ಟನೆ ನಿಲ್ಲಬೇಕಾಗಿದ್ದ ಕಾರು ಎದ್ದಿತು, ಇಳಿಯಿತು, ಮತ್ತೆ ಎದ್ದಿತು.

“ಮಾವ, ನೀವು ಬರೆದಿರೋದು ಮೂರೂ ಮ್ಯಾಚ್ ಆಗ್ತಿದೆ! ಟಕ್ ಟಕ್ ಅನ್ನೋದು ಲಿಂಕ್. ದಡ್ ಅನ್ನೋದು ಲೋಯರ್ ಆರ್ಮ್‌ನ ಬುಷ್, ರಬ್ಬರು ಹರಿದಿರುತ್ತೆ. ಈ ತೂಗಾಟ ಶಾಕ್ ಅಬ್ಸಾರ್ಬರ್. ನಾವೇ ಹಾಕೋಣ. ಇಲ್ಲಿ ಗ್ಯಾರೇಜನ್ನೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡ್ತಾರೆ, ಲಿಫ್ಟ್ ಸಮೇತ.”

“ನೆಮೊತೊ-ಸಾನ್ ಅವರನ್ನ ಒಂದು ಮಾತು ಕೇಳಬಾರದೇ?” ಎಂದೆ.

ನೆಮೊತೊ-ಸಾನ್ ಪಕ್ಕದ ಮನೆಯವರು. ನಲವತ್ತು ವರ್ಷ ಕಾರು ರಿಪೇರಿಯ ಅಂಗಡಿಯಲ್ಲಿ ದುಡಿದವರು. ಈ ಕಾರು ಮೊದಲು ಅವರದೇ. ಈ ದೇಶದಲ್ಲಿ ವಯಸ್ಸಾದವರು ತಾವಾಗಿಯೇ ಪೊಲೀಸ್ ಠಾಣೆಗೆ ಹೋಗಿ ಚಾಲನಾ ಪರವಾನಗಿಯನ್ನು ಹಿಂದಿರುಗಿಸುವ ಪದ್ಧತಿಯಿದೆ. ಎಪ್ಪತ್ತೆಂಟು ತುಂಬಿದ ದಿನ ಅವರೂ ಹಿಂದಿರುಗಿಸಿ, ಸಂಜೆ ಕಾರಿನ ಕೀಲಿಯನ್ನು ನನ್ನ ಮಗಳ ಕೈಗಿತ್ತಿದ್ದರು. ಅಂದಿನಿಂದ ಕಾರುಗಳ ವಿಷಯ ಎತ್ತಿದವರಲ್ಲ. ಆದರೆ ನಾನು ಗಮನಿಸಿದ್ದೆ. ನಮ್ಮ ಕಾರು ಹೊರಟಾಗಲೆಲ್ಲ ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು. ಗೇಟಿನ ಮುಂದಿನ ಚರಂಡಿಯ ಕಬ್ಬಿಣದ ಜಾಲರಿಯ ಮೇಲೆ ಅದು ‘ದಡ್’ ಎಂದಾಗ ಮುಖವನ್ನು ಆಚೆಗೆ ತಿರುಗಿಸಿಕೊಳ್ಳುತ್ತಿದ್ದರು.

ನನ್ನ ಮಗಳು ನೀರಜಾ ಮಣ್ಣಿನ ಸಂಶೋಧಕಿ. ಹನ್ನೊಂದು ವರ್ಷದಿಂದ ಇಲ್ಲಿದ್ದಾಳೆ. ನನ್ನ ಸಲಹೆ ಕೇಳಿ ಅವಳಿಗೆ ಗಾಬರಿಯಾಯಿತು.

“ಅಯ್ಯೋ ಬೇಡಪ್ಪ! ಅವರು ಕೊಟ್ಟ ಕಾರು. ಸೌಂಡ್ ಬರ್ತಿದೆ ಅಂದ್ರೆ ಕಂಪ್ಲೇಂಟ್ ಹೇಳಿದ ಹಾಗಾಗುತ್ತೆ. ನೂರು ಸಲ ಸುಮಿಮಾಸೆನ್, ಕ್ಷಮಿಸಿ ಅಂತ ಬಗ್ತಾರೆ. ಆ ವಯಸ್ಸಿನವರು ಬಗ್ಗೋದು ನಂಗೆ ನೋಡಕ್ಕಾಗಲ್ಲ.”

“ಅವಳು ಪೂರ್ತಿ ಇಲ್ಲಿಯವಳೇ ಆಗೋದ್ಲು ಬಿಡಿ” ಎಂದಳು ವೇದವಲ್ಲಿ.

ಹಾಗಾಗಿ ಕೇಳಲಿಲ್ಲ.

ಡಿಸೆಂಬರಿನ ಮೊದಲ ಶನಿವಾರ, ಊರಾಚೆಯ ಬಾಡಿಗೆ ಗ್ಯಾರೇಜಿನಲ್ಲಿ, ಮೋಹನ ಕಾರನ್ನು ಲಿಫ್ಟಿಗೇರಿಸಿದ. ನಾನು ಟಾರ್ಚು ಹಿಡಿದೆ. ತಲೆಯ ಮೇಲೆ ನಾಲ್ಕು ಗಾಲಿಗಳೂ ಜೋತುಬಿದ್ದಿದ್ದವು, ಎತ್ತಿಕೊಂಡ ಮಗುವಿನ ಕಾಲುಗಳಂತೆ. ಗೇಣುದ್ದದ ಲಿಂಕಿನ ಕಡ್ಡಿಯನ್ನು ಅಲುಗಿಸಿದರೆ ಸಡಿಲ ಹಲ್ಲಿನಂತೆ ಆಡುತ್ತಿತ್ತು. ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆಯನ್ನೆಲ್ಲ ಮೈಮೇಲೆ ಸುರಿದುಕೊಂಡು ಧೂಳು ಮೆತ್ತಿಕೊಂಡಿತ್ತು. ಗಾಲಿಯನ್ನು ಕಾರಿನ ಮೈಗೆ ಕೂಡಿಸುವ ದಪ್ಪ ತೋಳು, ಅದರ ಬುಡದಲ್ಲಿ ಬುಷ್: ಕಬ್ಬಿಣ ಕಬ್ಬಿಣಕ್ಕೆ ಬಡಿಯದಿರಲೆಂದು ನಡುವೆ ಇಟ್ಟ ರಬ್ಬರಿನ ಬಳೆ. ಅದು ಸುತ್ತಲೂ ಬಿರಿದು ಕಳಚಿಬಂದಿತ್ತು. ಇಷ್ಟು ವರ್ಷ ಎಷ್ಟು ಪೆಟ್ಟನ್ನು ತಾನೇ ನುಂಗಿ ಮೇಲಿನವರಿಗೆ ತಿಳಿಯದಂತೆ ಇಟ್ಟಿತ್ತೋ! ನಾನು ಆ ತುಂಡನ್ನು ಬಿಸಾಡಲಾರದೆ ಕೋಟಿನ ಜೇಬಿಗೆ ಹಾಕಿಕೊಂಡೆ.

ಎರಡೂ ಬದಿಗೆ ಹೊಸತನ್ನು ಕೂಡಿಸಲು ಐದು ಗಂಟೆ ಹಿಡಿಯಿತು. ಬಿಗಿತವನ್ನು ಅಳೆಯುವ ಸ್ಪ್ಯಾನರಿನಿಂದ ಮೋಹನ ಒಂದೊಂದು ಬೋಲ್ಟನ್ನೂ ಪುಸ್ತಕ ಹೇಳಿದಷ್ಟೇ ಬಿಗಿದ; ಪ್ರತಿ ಸಲವೂ ಅದು ‘ಟಿಕ್’ ಎಂದಾಗ ನನ್ನ ಕಡೆ ನೋಡಿ ನಕ್ಕ. ಬರುವಾಗ ಟೈರಿನ ಅಂಗಡಿಯಲ್ಲಿ ಗಾಲಿಗಳ ನೇರವನ್ನೂ ನೋಡಿಸಿದೆವು. ದಾರಿಯ ಯಾವ ಮುಚ್ಚಳದ ಮೇಲೂ ‘ದಡ್’ ಎನ್ನಲಿಲ್ಲ. ನಾವಿಬ್ಬರೂ ಪರೀಕ್ಷೆ ಪಾಸಾದವರಂತೆ ಮನೆಗೆ ಬಂದೆವು.

ಭಾನುವಾರ ಬೆಳಗ್ಗೆ ಅರ್ಧ ಗಂಟೆಯ ಓಲೈಕೆಯ ನಂತರ ವೇದವಲ್ಲಿ ಒಪ್ಪಿದಳು.

“ಆ ಕೊಂಬಿನಿ ತನಕ. ಅದರಾಚೆಗೆ ಒಂದು ಅಡಿ ಇಲ್ಲ.”

ಕೊಂಬಿನಿಗೆ ಮುನ್ನೂರು ಮೀಟರ್. ಅದಕ್ಕೂ ಮೊದಲು, ರಸ್ತೆಬದಿಯ ಹಳೆಯ ಮರಗಳ ಬೇರು ಟಾರನ್ನು ಎತ್ತಿ ಅಲೆಯಂತೆ ಮಾಡಿರುವ ಒಂದು ಜಾಗವಿದೆ. ಮೋಹನ ನಡೆಯುವ ವೇಗಕ್ಕೆ ಇಳಿಸಿದ. ಆದರೂ ಕಾರು ಅಲೆಯ ಮೇಲೆ ಬಾಗಲಿಲ್ಲ. ಮರದ ಹಲಗೆಯಂತೆ ಸೆಟೆದುಕೊಂಡು, ‘ಕಿರ್ರ್’ ಎಂದು ನರಳಿ, ಎತ್ತಿ ಇಟ್ಟಿತು. ವೇದವಲ್ಲಿಯ ಕೈ ನನ್ನ ಮುಂಗೈಯನ್ನು ಹಿಡಿಯಿತು.

“ನಿಲ್ಸು.”

“ಅತ್ತೆ, ಆ ದಡ್ ಸೌಂಡ್ ಇಲ್ಲ ನೋಡಿ, ಹೊಸ ಪಾರ್ಟ್ಸ್ ಅಲ್ವಾ, ಸ್ವಲ್ಪ ಸ್ಟಿಫ್ ಇರುತ್ತೆ...”

“ಮುಂಚೆ ಬೈತಿತ್ತು. ಈಗ ಮುಖ ಗಂಟು ಹಾಕ್ಕೊಂಡು ಕೂತಿದೆ. ನಾನು ನಡ್ಕೊಂಡು ಹೋಗ್ತೀನಿ.”

ಇಳಿದಳು. ನಾನೂ ಇಳಿದೆ. ನಾವಿಬ್ಬರೂ ಮನೆಯ ಕಡೆ ನಡೆದೆವು, ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಕಾರು ಅಪರಾಧಿಯಂತೆ ತೆವಳಿಕೊಂಡು ಬಂತು. ಕಡಲಿನ ಆಸೆಯನ್ನು ನಾನು ಆ ನಡಿಗೆಯಲ್ಲೇ ಸದ್ದಿಲ್ಲದೆ ಮಡಿಚಿಟ್ಟೆ. ಆದರೆ ನನ್ನ ಹೆಂಡತಿ ಎರಡು ತಿಂಗಳ ನಂತರ ಬಿಸಿಲಿನಲ್ಲಿ ನಡೆಯುತ್ತಿದ್ದಾಳೆಂಬುದು ಅರ್ಧ ದಾರಿಯಲ್ಲಿ ಹೊಳೆದು, ಹೆಜ್ಜೆಯನ್ನು ಬೇಕೆಂದೇ ನಿಧಾನ ಮಾಡಿದೆ.

ನೆಮೊತೊ-ಸಾನ್ ತಮ್ಮ ಅಂಗಳದ ಪರ್ಸಿಮನ್ ಮರದ ಕೆಳಗೆ, ಬಟ್ಟೆ ಒಣಗಿಸುವ ಬಿದಿರ ಗಳದಿಂದ ಕೊನೆಯ ಹಣ್ಣುಗಳನ್ನು ಉದುರಿಸುತ್ತಿದ್ದರು. ಸರ್ಕಾರ ಮನೆಮನೆಗೆ ಕಳುಹಿಸಿದ್ದ ಪುಟ್ಟ ಬಟ್ಟೆಯ ಮಾಸ್ಕು ಅವರ ಗಲ್ಲವನ್ನು ಮುಚ್ಚಲು ಸಾಲುತ್ತಿರಲಿಲ್ಲ. ಕಾರು ಚರಂಡಿಯ ಜಾಲರಿಯನ್ನು ದಾಟಿ ಒಳಗೆ ಬಂತು: ಕಿರ್ರ್. ಈ ಸಲ ಅವರು ಮುಖ ತಿರುಗಿಸಲಿಲ್ಲ. ಕಾರಿನ ಮೂತಿಯನ್ನು ನೋಡಿದರು. ಕುಕ್ಕರಗಾಲಲ್ಲಿ ಕೂತು ಇನ್ನೊಮ್ಮೆ ನೋಡಿದರು. ಆಮೇಲೆ ಅವರು, ನಾನು ಕಂಡಂತೆ ಮೊದಲ ಬಾರಿಗೆ, ದನಿಯೆತ್ತಿ ಕೂಗಿದರು. ನೀರಜಾ ಒಳಗಿನಿಂದ ಓಡಿಬಂದಳು.

“ಏನಂತಾರೆ?” ಎಂದ ಮೋಹನ.

“ಬೋಲ್ಟುಗಳನ್ನ ಗಾಳಿಯಲ್ಲಿ ಬಿಗಿದ್ರಾ ಅಂತ ಕೇಳ್ತಿದಾರೆ.”

“ಗಾಳಿಯಲ್ಲಿ ಅಂದ್ರೆ?”

“ಕಾರು ಮೇಲೆ, ಗಾಲಿ ಜೋತಾಡ್ತಿರುವಾಗ.”

“ಮತ್ತೆ? ಕೆಳಗಿಳಿಸಿದ್ರೆ ಕೈ ಹೋಗೋದು ಹೇಗೆ?”

ನೀರಜಾ ಅದನ್ನು ಜಪಾನಿಗೆ ತಿರುಗಿಸಿದಳು. ಮುದುಕರು ಹಣೆಗೆ ಕೈಯಿಟ್ಟುಕೊಂಡು, ನಂತರ ಬಹಳ ಹೊತ್ತು ಮಾತಾಡಿದರು. ಅವಳು ಒಂದೊಂದಾಗಿ ನಮಗೆ ಹೇಳಿದಳು. ಬುಷ್ಷಿನ ರಬ್ಬರು ಎರಡು ಕಬ್ಬಿಣಗಳಿಗೂ ಅಂಟಿಕೊಂಡೇ ಇರುವುದು. ಬೋಲ್ಟು ಬಿಗಿದಾಗ ತೋಳು ಯಾವ ಭಂಗಿಯಲ್ಲಿತ್ತೋ ಅದೇ ತನ್ನ ವಿಶ್ರಾಂತಿಯ ಭಂಗಿಯೆಂದು ಅದು ತಿಳಿಯುತ್ತದೆ. ಜೋತಾಡುವಾಗ ಬಿಗಿದರೆ, ನೆಲಕ್ಕಿಳಿದ ಕ್ಷಣದಿಂದ ಅದಕ್ಕೆ ತಿರುಚಿ ನಿಂತಂತೆಯೇ ಬದುಕು. ಅದಕ್ಕೇ ಸೆಟೆಯುವುದು, ನರಳುವುದು, ಮೂತಿ ಮೇಲೆತ್ತಿಕೊಳ್ಳುವುದು. ವರ್ಷ ತುಂಬುವುದರೊಳಗೆ ಮತ್ತೆ ಹರಿಯುತ್ತದೆ.

“ಹಾಗಾದ್ರೆ ಏನು ಮಾಡ್ಬೇಕಂತೆ?” ಎಂದೆ.

“ಬೋಲ್ಟು ಸಡಿಲ ಮಾಡಿ, ಗಾಲಿಗಳ ಮೇಲೆ ನಿಲ್ಸಿ, ಭಾರ ಹೊತ್ತಾಗ ಬಿಗೀಬೇಕಂತೆ. ಅವರ ಅಂಗಡಿಯಲ್ಲಿ ಇನ್ನೂ ಒಂದು ರೂಢಿ ಇತ್ತಂತೆ. ಆ ಕಾರಲ್ಲಿ ಯಾರು ಓಡಾಡ್ತಾರೋ ಅವರೆಲ್ಲರನ್ನೂ ಅವರವರ ಜಾಗದಲ್ಲಿ ಕೂರ್ಸಿ ಬಿಗೀತಿದ್ರಂತೆ.” ಅವಳು ಸ್ವಲ್ಪ ತಡೆದು ಸೇರಿಸಿದಳು: “ಅಪ್ಪ, ಆ ದಡ್ ಸೌಂಡ್ ಒಂದು ವರ್ಷದಿಂದ ಕೇಳಿಸ್ತಿತ್ತಂತೆ ಅವರಿಗೆ. ಕೊಟ್ಟ ಮೇಲೆ ಬಾಯಿ ಹಾಕಬಾರದು, ನಾವೇ ಕೇಳಿದ್ರೆ ಹೇಳೋಣ ಅಂತ ಸುಮ್ನಿದ್ರಂತೆ.”

“ನಾವು ಅವರಿಗೆ ಬೇಜಾರಾಗುತ್ತೆ ಅಂತ ಸುಮ್ನಿದ್ವಿ” ಎಂದ ಮೋಹನ.

“ಎರಡೂ ಮನೆಯ ಮರ್ಯಾದೆ ಸೇರ್ಕೊಂಡು ನನ್ನ ಬೆನ್ನು ಮುರೀತು” ಎಂದಳು ವೇದವಲ್ಲಿ. ನೀರಜಾ ಅದನ್ನು ಅನುವಾದಿಸಲಿಲ್ಲ. ಆದರೆ ನೆಮೊತೊ-ಸಾನ್ ಅವರಿಗೆ ಅರ್ಥವಾದಂತಿತ್ತು. ಸೊಂಟದವರೆಗೆ ಬಗ್ಗಿದರು. ವೇದವಲ್ಲಿ ಕಸಿವಿಸಿಗೊಂಡು ತಾನೂ ಬಗ್ಗಲು ಹೋಗಿ, ಬೆನ್ನು ನೆನಪಾಗಿ, ಕೈಮುಗಿದಳು.

ಅರ್ಧ ಗಂಟೆಯಲ್ಲಿ ಅವರ ಕೊಟ್ಟಿಗೆಯಿಂದ ಇಳಿಜಾರಾದ ನಾಲ್ಕು ದಪ್ಪ ಮರದ ದಿಮ್ಮಿಗಳು ಬಂದವು. ಕಾರು ಅವುಗಳ ಮೇಲೆ ಏರಿ ನಿಂತಿತು. ಗಾಲಿಗಳ ಹಿಂದೆ ಮುಂದೆ ಅಡ್ಡಗಟ್ಟೆಗಳನ್ನಿಟ್ಟು, ಅವರು ಪ್ರತಿಯೊಂದನ್ನೂ ಕಾಲಿನಿಂದ ಒದ್ದು ನೋಡಿದರು. ನಂತರ ಎರಡು ಮೀಟರ್ ಹಿಂದೆ ಸರಿದು ಕೂತರು. ಸೋಂಕಿನ ಕಾಲದ ಆ ಅಂತರವನ್ನು ಅವರು ಒಂದು ಗೇಣೂ ಮುರಿಯಲಿಲ್ಲ. ಬಿದಿರ ಗಳವನ್ನು ಕಾರಿನಡಿಗೆ ಚಾಚಿ, ಬಿಚ್ಚಬೇಕಾದ ಬೋಲ್ಟನ್ನು ಅದರ ತುದಿಯಿಂದ ಮುಟ್ಟಿ ತೋರಿಸಿದರು. ಗಳ ಒಮ್ಮೆಯೂ ತಡಕಾಡಲಿಲ್ಲ. ಕೈಬಿಟ್ಟ ಕಾರಿನ ಹೊಟ್ಟೆ ಅವರಿಗೆ ಬಾಯಿಪಾಠವಾಗಿತ್ತು.

“ಎಲ್ಲ ಸಡಿಲ ಆಯ್ತು” ಎಂದು ಅಡಿಯಿಂದ ಮೋಹನ ಕೂಗಿದ. “ಇನ್ನು ಜನ ಹತ್ತಿ.”

ನೀರಜಾ ಚಾಲಕಿಯ ಜಾಗದಲ್ಲಿ ಕೂತಳು. ನಾನು ಹಿಂದೆ ಬಲಕ್ಕೆ. ಮೋಹನ ಅಡಿಯಲ್ಲಿದ್ದುದರಿಂದ ಅವನ ಜಾಗ ಖಾಲಿ. ನೆಮೊತೊ-ಸಾನ್ ಒಂಟಿಗಾಲಿಯ ಕೈಗಾಡಿಯಲ್ಲಿ ಮೂವತ್ತು ಕಿಲೋದ ಎರಡು ಅಕ್ಕಿ ಚೀಲಗಳನ್ನು ತಂದು ನಿಲ್ಲಿಸಿ ದೂರ ಸರಿದರು. ಮೋಹನ ಎದ್ದುಬಂದು ಅವನ್ನು ಸೀಟಿಗೇರಿಸಿ, ಮತ್ತೆ ಕಾರಿನಡಿಗೆ ನುಸುಳಿದ.

ವೇದವಲ್ಲಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. “ಎರಡು ಮೂಟೆ ಸಾಲದು ಅವನಿಗೆ. ಲಾಕ್‌ಡೌನಲ್ಲಿ ಊದ್ಕೊಂಡಿದಾನೆ.”

“ಅತ್ತೆ, ನಾನು ಕಾರಿನ ಕೆಳಗಿದೀನಿ, ಕೇಳ್ಸುತ್ತೆ.”

“ಕೇಳ್ಲಿ ಅಂತಾನೇ ಹೇಳಿದ್ದು.”

ಇನ್ನೂ ಒಂದು ಸಣ್ಣ ಚೀಲ ಬಂತು. ಉಳಿದಿದ್ದು ಒಂದು ಜಾಗ. ನೆಮೊತೊ-ಸಾನ್ ಗಳದ ತುದಿಯನ್ನು ಮೆಲ್ಲಗೆ ಹಿಂದಿನ ಎಡ ಬಾಗಿಲಿನ ಕಡೆ ತೋರಿಸಿ ಎರಡು ಮಾತು ಹೇಳಿದರು.

“ಅಮ್ಮ,” ಎಂದಳು ನೀರಜಾ, “ಇದು ಅಲ್ಲಾಡಲ್ಲ, ಇಂಜಿನ್ನೂ ಆನ್ ಮಾಡಲ್ಲ ಅಂತಿದಾರೆ. ಹಿಂದೆ ಎಡಗಡೆ ಕೂರೋರ ಭಾರ ಗೊತ್ತಾಗದೆ ಆ ಬೋಲ್ಟ್ ಬಿಗಿಯೋಕಾಗಲ್ಲವಂತೆ.”

“ನನ್ನ ತೂಕಕ್ಕೂ ಮೂಟೆ ಇಡಿ.”

“ಮೂಟೆ ಸಮುದ್ರ ನೋಡೋಲ್ಲ, ಅಮ್ಮ.”

ನನ್ನ ಹೆಂಡತಿ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು, ಶಾಲು ಹೊದ್ದು ಬಂದಳು. “ಚಳಿಯಲ್ಲಿ ಎಷ್ಟು ಹೊತ್ತು ಕೂರಿಸ್ತೀರೋ” ಎನ್ನುತ್ತ, ಒಂದು ಕಾಲನ್ನು ಒಳಗಿಟ್ಟು, ಬಾಗಿಲ ಚೌಕಟ್ಟನ್ನು ಹಿಡಿದು, ಕೂತಳು. ಕಾರು ಅವಳ ಭಾರಕ್ಕೆ ಒಂದು ಬೆರಳಿನಷ್ಟು ತಗ್ಗಿತು. ಸದ್ದಿಲ್ಲದೆ ತಗ್ಗಿತು, ನರಳಲಿಲ್ಲ. ಅದನ್ನು ಅವಳೂ ಗಮನಿಸಿದಳೆಂದು ನನಗೆ ತಿಳಿಯಿತು.

ನಮ್ಮ ಕಾಲಡಿಯಲ್ಲಿ ‘ಟಿಕ್’ ಎಂದಿತು ಸ್ಪ್ಯಾನರು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬಿಸಿಲು ಗಾಜಿನ ಮೂಲಕ ಅವಳ ಮಡಿಲಿಗೆ ಬಿದ್ದಿತ್ತು. ನಾನು ಜೇಬಿಗೆ ಕೈಹಾಕಿದಾಗ ಹಳೆಯ ರಬ್ಬರಿನ ತುಂಡು ಸಿಕ್ಕಿತು.

“ಏನದು?”

“ಹಳೇ ಬುಷ್ಷು.”

ಅವಳು ಅದನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಬಿರುಕನ್ನು ಸವರಿದಳು. “ಪಾಪ,” ಎಂದಳು. “ನಾನೂ ಇದನ್ನ ಸುಮ್ಮನೆ ಬೈತಿದ್ದೆ.”

“ಮುಗೀತು!” ಎಂದು ಮೋಹನ ಹೊರಬಂದ, ಮೂಗಿನ ಮೇಲೆ ಗ್ರೀಸು. ಅಕ್ಕಿ ಚೀಲಗಳನ್ನಿಳಿಸಿ, ಕೈ ತೊಳೆದು, ತನ್ನ ಜಾಗದಲ್ಲಿ ಕೂತ. ನೀರಜಾ ಕಾರನ್ನು ದಿಮ್ಮಿಗಳಿಂದ ಇಳಿಸಿದಳು. ಮೂತಿ ತಗ್ಗಿ, ಸಹಜವಾಗಿ ನಿಂತಿತ್ತು.

“ಅಮ್ಮ, ಇಳೀತೀಯಾ?”

ವೇದವಲ್ಲಿ ಫ್ಲಾಸ್ಕನ್ನು ಮಡಿಲಿನಿಂದ ಪಕ್ಕಕ್ಕಿಟ್ಟಳು. “ಹತ್ತಿ ಆಯ್ತಲ್ಲ. ಮತ್ತೆ ಇಳಿಯೋದು ಬೇರೆ ಕಷ್ಟ. ಆ ಮರದ ಬೇರಿನ ತನಕ ಹೋಗು, ನೋಡೋಣ.”

ಬೇರಿನ ಅಲೆ ಬಂತು. ಕಾರು ಅದರ ಮೇಲೆ ಏರಿ, ಇಳಿದು, ಒಮ್ಮೆ ಮಾತ್ರ ಬಾಗಿ ನಿಂತಿತು. ಅವಳ ಕೈ ನನ್ನ ಮುಂಗೈಯ ಮೇಲಿತ್ತು, ಆದರೆ ಹಿಡಿದಿರಲಿಲ್ಲ. ಕೊಂಬಿನಿ ಬಂತು, ಹಿಂದಾಯಿತು.

“ಕೊಂಬಿನಿ ದಾಟ್ತು, ಅತ್ತೆ” ಎಂದ ಮೋಹನ.

“ನಂಗೂ ಕಣ್ಣಿದೆ. ಸುಮ್ನೆ ನಡೀರಿ.”

ಮಧ್ಯಾಹ್ನದ ಖಾಲಿ ಹೆದ್ದಾರಿಯಲ್ಲಿ, ಸೇತುವೆಯ ಕೀಲುಗಳ ಮೇಲೆ ಕಾರು ‘ತೊಪ್, ತೊಪ್’ ಎಂದು ಮೆತ್ತಗೆ ಹೆಜ್ಜೆಯಿಡುತ್ತಿದ್ದಾಗ, ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿದಳು. “ರೀ, ತೊಗೊಳ್ಳಿ.” ಒಂದು ಹನಿಯೂ ಚೆಲ್ಲಲಿಲ್ಲ. ಟೋಕಿಯೋದ ಎಡೋಗಾವಾದಲ್ಲಿರುವ ಭಾರತೀಯ ಅಂಗಡಿಯಿಂದ ಅಂಚೆಯಲ್ಲಿ ತರಿಸಿದ ಪುಡಿ, ಚಿಕೋರಿ ಹೆಚ್ಚು. ನಾನು ಅದಕ್ಕಿಂತ ಒಳ್ಳೆಯ ಕಾಫಿ ಕುಡಿದ ನೆನಪಿಲ್ಲ.

ಓಅರಾಯಿಯಲ್ಲಿ ಕಡಲು ಬೂದುನೀಲಿಯಾಗಿತ್ತು. ಬಂಡೆಯ ಮೇಲೆ ಅಲ್ಲಿನ ದೇಗುಲದ ಸಣ್ಣದೊಂದು ತೋರಣಬಾಗಿಲು ನೀರಿನ ಕಡೆ ಮುಖಮಾಡಿ ನಿಂತಿತ್ತು. ಅಲೆಗಳು ಅದರ ಕಾಲನ್ನು ತೊಳೆಯುತ್ತಿದ್ದವು. ವೇದವಲ್ಲಿ ಮಾಸ್ಕನ್ನು ಕೆಳಗೆಳೆದು ಗಾಳಿ ಕುಡಿದಳು. ಆಮೇಲೆ, “ಎಷ್ಟೊಂದು ಸದ್ದು ಮಾಡುತ್ತಲ್ರೀ ಇದು” ಎಂದಳು, ದೂರುವ ದನಿಯಲ್ಲಲ್ಲ.

ನಾವು ಮರಳಿದಾಗ ಬೆಳಕು ಇನ್ನೂ ಉಳಿದಿತ್ತು. ನೆಮೊತೊ-ಸಾನ್ ಗೇಟಿನ ಬಳಿ ಗುಡಿಸಿದ ಎಲೆಗಳನ್ನೇ ಮತ್ತೆ ಗುಡಿಸುತ್ತಿದ್ದರು. ಕಾರು ಜಾಲರಿಯನ್ನು ದಾಟುವಾಗ ಪೊರಕೆ ನಿಂತಿತು. ಅವರು ಕಿವಿಗೊಟ್ಟು, ತಲೆಯಾಡಿಸಿ, ಪೊರಕೆಯನ್ನು ಮತ್ತೆ ಆಡಿಸಿದರು. ವೇದವಲ್ಲಿ ಕಿಟಕಿಯ ಗಾಜನ್ನಿಳಿಸಿ ಜಪಾನಿಯಲ್ಲೇ ಧನ್ಯವಾದ ಹೇಳಿದಳು.

“ಅರಿಗಾತೋ! ನೀವೂ ಬನ್ನಿ, ಮುಂದಿನ ಸಲ. ಹೇಳೇ ನೀರಜಾ, ಮಧ್ಯದಲ್ಲಿ ಒಂದು ಸೀಟು ಖಾಲಿ ಇದೆ ಅಂತ, ಈ ಕಾಯಿಲೆ ಎಲ್ಲ ಮುಗಿದ ಮೇಲೆ.”

ನೀರಜಾ ಹೇಳಿದಳು. ಮುದುಕರು ಮಾಸ್ಕಿನೊಳಗೇ ನಕ್ಕು ಏನೋ ಅಂದರು. ನೀರಜಾ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಗತೊಡಗಿದಳು.

“ಏನಂತೆ?”

“ನಾನೂ ಬಂದ್ರೆ ಬೋಲ್ಟೆಲ್ಲ ಸಡಿಲ ಮಾಡಿ ಮತ್ತೆ ಬಿಗೀಬೇಕಾಗುತ್ತಲ್ಲ ಅಂತಿದಾರೆ.”

“ಬಿಗೀಲಿ ಬಿಡು,” ಎಂದಳು ವೇದವಲ್ಲಿ, ಬಾಗಿಲು ತೆರೆಯುತ್ತ. “ಮೋಹನ ಇದಾನಲ್ಲ.”